ಮೂವತ್ತು ದಾಟಿದ ಮೇಲೆ ಶುರುವಾದ ಸೀನಿಗೆ ನಾನು ಏನು ಮಾಡಿದೆ

ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಕಥೆ ಓದಿದ ಹಾಗಾಯಿತು. ನಿಮ್ಮದು ಜಮಖಂಡಿ ಹತ್ತಿರದ ಊರು, ವಯಸ್ಸು 34, ಚಿಕ್ಕವರಿದ್ದಾಗ ಏನೂ ಇರಲಿಲ್ಲ. ಮೂರು ವರ್ಷದಿಂದ ದೀಪಾವಳಿ ಮುಗಿದ ಕೂಡಲೇ ಸೀನು, ಕಣ್ಣು ತುರಿಕೆ, ಮೂಗು ಕಟ್ಟುವುದು. ಶಿವರಾತ್ರಿವರೆಗೂ ಬಿಡುವುದಿಲ್ಲ. "ಇಷ್ಟು ವಯಸ್ಸಾದ ಮೇಲೆ ಅಲರ್ಜಿ ಬರುತ್ತಾ? ಜೀವನಪೂರ್ತಿ ಗುಳಿಗೆ ನುಂಗಬೇಕಾ?" ಅಂತ ಕೇಳಿದ್ದೀರಿ.

ಬರುತ್ತದೆ. ನನಗೆ 33ಕ್ಕೆ ಬಂತು, ಈಗ 42. ನಾನು ವಿಜಯಪುರದಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಹೊಲ ಬಸವನ ಬಾಗೇವಾಡಿ ಕಡೆ. ಎರೆಹೊಲ, ಹಿಂಗಾರಿ ಬಿಳಿಜೋಳ. ಮೊದಲ ಎರಡು ವರ್ಷ ನಾನೂ ಇದನ್ನು ನೆಗಡಿ ಅಂತಲೇ ತಿಳಿದಿದ್ದೆ. ಅನುಮಾನ ಬಂದದ್ದು ನಮ್ಮ ಅತ್ತೆಯವರಿಗೆ. "ಇದೇನವಾ, ಮೂರು ತಿಂಗಳಾತು, ನೆಗಡಿ ಹೋಗವಲ್ದು. ಜ್ವರಾನೂ ಇಲ್ಲ" ಅಂದರು. ಅವರು ಹೇಳಿದ್ದು ಸರಿ ಇತ್ತು. ನೆಗಡಿ ಒಂದು ವಾರ ಹತ್ತು ದಿನಕ್ಕೆ ಹೋಗುತ್ತದೆ. ಜ್ವರವಿಲ್ಲದೆ ತಿಂಗಳುಗಟ್ಟಲೆ ಮೂಗಿಂದ ನೀರು ಸುರಿಯುವುದು, ಸಾಲಾಗಿ ಸೀನು, ಕಣ್ಣಲ್ಲಿ, ಬಾಯಿಯ ಮೇಲ್ಭಾಗದಲ್ಲಿ ತುರಿಕೆ, ಅದೂ ಪ್ರತಿ ವರ್ಷ ಅದೇ ಹೊತ್ತಿಗೆ ಅಂದರೆ ಅಲರ್ಜಿ ಇರಬಹುದು. ಗಾಳಿಯಲ್ಲಿ ಬರುವ ಪರಾಗದ ಪುಡಿಯನ್ನು ನಮ್ಮ ಮೈ ರೋಗಾಣು ಅಂತ ತಪ್ಪು ತಿಳಿದು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತದೆ. ಸೀನು, ತುರಿಕೆ ಶುರುವಾಗುವುದು ಮುಖ್ಯವಾಗಿ ಅದರಿಂದ.

ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳುತ್ತೇನೆ, ನೀವು ಮಾಡಬೇಡಿ. ಮೂಗು ಕಟ್ಟುತ್ತದೆ ಅಂತ ಔಷಧಿ ಅಂಗಡಿಗೆ ಹೋದೆ. ಝೈಲೋಮೆಟಾಝೋಲಿನ್ ಇರುವ ಮೂಗಿನ ಹನಿ ಕೊಟ್ಟರು. ಎರಡು ಹನಿ ಹಾಕಿದರೆ ಐದು ನಿಮಿಷದಲ್ಲಿ ಮೂಗು ಬಯಲಾದ ಹಾಗೆ! ಎಷ್ಟು ಖುಷಿ ಆಯಿತು ಗೊತ್ತಾ? ಹದಿನೈದು ದಿನ ಆದ ಮೇಲೆ ಅದೇ ಹನಿ ಎರಡು ತಾಸು ಕೂಡ ತಡೆಯುತ್ತಿರಲಿಲ್ಲ. ರಾತ್ರಿ ದಿಂಬಿನ ಕೆಳಗೆ ಬಾಟಲಿ, ಶಾಲೆಯ ಬ್ಯಾಗಿನಲ್ಲಿ ಇನ್ನೊಂದು. ಮೂರು ತಿಂಗಳು ಹೀಗೇ ನಡೆಯಿತು. ಆಮೇಲೆ ಕಿವಿ ಮೂಗು ಗಂಟಲಿನ ಡಾಕ್ಟರ್ ನೋಡಿ, "ಈಗ ನಿಮ್ಮ ಮೂಗು ಕಟ್ಟುತ್ತಿರುವುದೇ ಈ ಹನಿಯಿಂದ" ಅಂದರು. ಈ ಹನಿಯನ್ನು ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಬಾರದು. ಹಾಕಿದರೆ ಒಳಗಿನ ಊತ ತಿರುಗಿ ಬರುತ್ತದೆ. ಬಿಡಿಸಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಆ ಎರಡು ವಾರ ಕುಳಿತೇ ನಿದ್ದೆ ಮಾಡಿದ್ದೇನೆ.

ನನಗೆ ನಿಜವಾಗಿ ಆಸರೆಯಾದದ್ದು ಸ್ಟಿರಾಯ್ಡ್ ಇರುವ ಮೂಗಿನ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್ ಅಂತ ಬರುತ್ತದಲ್ಲ, ಅದು. ಸ್ಟಿರಾಯ್ಡ್ ಅಂದ ಕೂಡಲೇ ನಾನೂ ಹೆದರಿದ್ದೆ. ಡಾಕ್ಟರ್ ಬಿಡಿಸಿ ಹೇಳಿದರು: ಇದರ ಪ್ರಮಾಣ ಬಹಳ ಕಡಿಮೆ, ಹೆಚ್ಚಿನ ಪಾಲು ಕೆಲಸ ಮೂಗಿನಲ್ಲೇ ಮುಗಿಯುತ್ತದೆ, ನುಂಗುವ ಗುಳಿಗೆ ಅಥವಾ ಇಂಜೆಕ್ಷನ್ ಹಾಗಲ್ಲ. ಆದರೆ ಇದು ಐದು ನಿಮಿಷದ ಔಷಧಿ ಅಲ್ಲ. ದಿನಾ ಹಾಕಬೇಕು. ಪೂರ್ತಿ ಗುಣ ಕಾಣಲು ಎರಡು ವಾರ ಹಿಡಿಯಬಹುದು. ಅದಕ್ಕೇ ಜನ ನಾಲ್ಕು ದಿನ ಹಾಕಿ ಸುಮ್ನೆ ಬಿಟ್ಟುಬಿಡುತ್ತಾರೆ.

ಹಾಕುವ ರೀತಿಯನ್ನೂ ಕಲಿಯಬೇಕು. ನಾನು ಮೊದಲು ತಲೆ ಹಿಂದಕ್ಕೆ ಎತ್ತಿ ಜೋರಾಗಿ ಎಳೆಯುತ್ತಿದ್ದೆ. ಔಷಧಿಯೆಲ್ಲ ಗಂಟಲಿಗೆ ಇಳಿದು ಕಹಿ ಆಗುತ್ತಿತ್ತು. ಈಗ ಬಾಟಲಿ ಅಲುಗಾಡಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸುತ್ತೇನೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ಅದರ ತುದಿ ತಾನಾಗಿಯೇ ಕಿವಿಯ ಕಡೆ ತಿರುಗುತ್ತದೆ, ನಡುವಿನ ಗೋಡೆಗೆ ಬಡಿಯುವುದಿಲ್ಲ. ಆ ಗೋಡೆಗೆ ದಿನಾ ಬಿದ್ದರೆ ಮೂಗಿಂದ ರಕ್ತ ಬರಬಹುದು. ಒತ್ತುವಾಗ ಮೆಲ್ಲಗೆ ಉಸಿರು ತಗೊಂಡರೆ ಸಾಕು.

ಸ್ಪ್ರೇಗಿಂತ ಮುಂಚೆ ಉಪ್ಪುನೀರಿನಿಂದ ಮೂಗು ತೊಳೆಯುತ್ತೇನೆ. ಜಲನೇತಿ ಗಿಂಡಿ ಯೋಗ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕುದಿಸಿ ಆರಿಸಿದ 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನಲ್ಲಿ ನೀರನ್ನು, ಬೋರಿನ ನೀರನ್ನು ಹಾಗೇ ಮೂಗಿಗೆ ಬಿಡಬೇಡಿ. ಅಪರೂಪಕ್ಕೆ ಆದರೂ ಅದರಲ್ಲಿರುವ ಅಮೀಬಾ ಮಿದುಳಿಗೆ ಹೋಗಿ ಜೀವಕ್ಕೇ ಅಪಾಯ ಆಗುತ್ತದೆ. ಕುದಿಸುವುದನ್ನು ಒಂದು ದಿನವೂ ತಪ್ಪಿಸಬೇಡಿ.

ಗುಳಿಗೆ ಬೇಕಾದಾಗ ಮಾತ್ರ ತಗೊಳ್ಳುತ್ತೇನೆ. ಸೆಟಿರಿಝಿನ್ ತಗೊಂಡರೆ ಎರಡನೇ ಪೀರಿಯಡ್‌ಗೇ ನನಗೆ ಕಣ್ಣು ಎಳೆಯುತ್ತಿತ್ತು. ನೀವು ಗಾಡಿ ಓಡಿಸುವವರಾದರೆ ಇದನ್ನು ಗಮನದಲ್ಲಿಡಿ. ಫೆಕ್ಸೋಫೆನಡಿನ್‌ನಲ್ಲಿ ನಿದ್ದೆ ಕಡಿಮೆ, ಆದರೆ ಅದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾಂಟೆಲುಕಾಸ್ಟ್ ಸೇರಿಸಿದ ಗುಳಿಗೆ ಬರೆದುಕೊಟ್ಟರೆ ಮನಸ್ಸು ಕುಗ್ಗುವುದು, ಕೆಟ್ಟ ಕನಸು ಬೀಳುವುದು ಇದೆಯಾ ಅಂತ ನೋಡಿಕೊಳ್ಳಿ. ಅಮೆರಿಕದ ಔಷಧ ಇಲಾಖೆ 2020ರಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಇನ್ನು ಅರಿಷಿಣ ಹಾಲು, ತುಳಸಿ ಕಷಾಯ ಗಂಟಲಿಗೆ ಹಿತ. ನಾನೂ ಕುಡಿಯುತ್ತೇನೆ, ಆದರೆ ಅವುಗಳಿಂದ ಸೀನು ನಿಂತಿದ್ದಿಲ್ಲ.

ಯಾವುದು ಆಗಿಬರುವುದಿಲ್ಲ ಅಂತ ತಿಳಿಯಲು ಚರ್ಮದ ಪರೀಕ್ಷೆ ಮಾಡಿಸಿದೆ. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಒಂದೊಂದರ ಮೇಲೆ ಸೂಜಿ ಮೊನೆಯಿಂದ ಸಣ್ಣಗೆ ಚುಚ್ಚುತ್ತಾರೆ. ನಮ್ಮ ಮೈಗೆ ಆಗದವು ಕಾಲು ತಾಸಿನಲ್ಲಿ ಸೊಳ್ಳೆ ಕಚ್ಚಿದ ಹಾಗೆ ಉಬ್ಬುತ್ತವೆ. ಒಂದು ವಾರ ಮೊದಲೇ ಅಲರ್ಜಿ ಗುಳಿಗೆ ನಿಲ್ಲಿಸಿರಬೇಕು, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ನನ್ನ ಕೈ ಮೇಲೆ ಮೂರು ಉಬ್ಬಿದವು: ಹುಲ್ಲಿನ ಪರಾಗ, ಕಾಂಗ್ರೆಸ್ ಕಸ ಅಂತೀವಲ್ಲ ಆ ಪಾರ್ಥೇನಿಯಂ, ಮನೆ ಧೂಳಿನ ಹುಳ.

ಜೋಳವೂ ಹುಲ್ಲಿನ ಜಾತಿಯದೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಅರ್ಪಿಸಲು, ಹೋಗಿ ಬಂದ ರಾತ್ರಿ ನನಗೆ ಯಾಕೆ ಉಸಿರು ಕಟ್ಟುತ್ತಿತ್ತು ಅಂತ ಆಗ ಅರ್ಥವಾಯಿತು. ಹೂಬಿಟ್ಟ ಜೋಳದ ನಡುವೆ ಕೂತು ಊಟ ಮಾಡಿ ಬರುತ್ತಿದ್ದೆವು. ಹಾಗಂತ ಹಬ್ಬ ಬಿಟ್ಟಿಲ್ಲ. ಎನ್‌95 ಮಾಸ್ಕ್ ಹಾಕಿಕೊಂಡು ಹೋಗುತ್ತೇನೆ, ಊಟಕ್ಕೆ ಮಾತ್ರ ತೆಗೆಯುತ್ತೇನೆ. ಮನೆಗೆ ಬಂದ ಕೂಡಲೇ ತಲೆ ಸಮೇತ ಸ್ನಾನ, ಸೀರೆ ನೆನೆಹಾಕುವುದು. ರಾಶಿ ಮಾಡುವ ದಿನ ಮಾತ್ರ ಹೊಲದ ಕಡೆ ಹೋಗುವುದೇ ಇಲ್ಲ. ಆ ಸುಂಕು, ಆ ಧೂಳು ಯಾವ ಮಾಸ್ಕಿಗೂ ಬಗ್ಗುವುದಿಲ್ಲ.

ಧೂಳಿನ ಹುಳ ಇದ್ದದ್ದು ನನ್ನ ಕೌದಿಯಲ್ಲಿ. ಅವ್ವ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದುಕೊಟ್ಟ ಕೌದಿ. ಎಸೆಯಲು ಮನಸ್ಸು ಹೇಗೆ ಬರುತ್ತದೆ? ಮೊದಲು ಮಾಳಿಗೆ ಮೇಲೆ ದಿನವಿಡೀ ಒಣಹಾಕುತ್ತಿದ್ದೆ. ಪರಾಗದ ಕಾಲದಲ್ಲಿ ಅದೂ ತಪ್ಪು, ಬಟ್ಟೆಯೆಲ್ಲ ಪುಡಿ ಹೊತ್ತುಕೊಂಡು ಒಳಗೆ ಬರುತ್ತದೆ. ಈಗ ಮಳೆಗಾಲ ಮುಗಿಯುವಾಗ ಒಮ್ಮೆ ಕುದಿಯುವಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದು, ಒಣಗಿಸಿ, ಕಪಾಟಿನಲ್ಲಿ ಇಡುತ್ತೇನೆ. ಚಳಿಗೆ ಹೊದೆಯುವುದು ವಾರಕ್ಕೊಮ್ಮೆ ಒಗೆಯಲು ಬರುವ ತೆಳು ಚಾದರ.

ಮೈಗೆ ಆಗದ್ದನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸುವ, ಮೂರರಿಂದ ಐದು ವರ್ಷದ ಇಂಜೆಕ್ಷನ್ ಚಿಕಿತ್ಸೆಯೂ ಇದೆ. ಸ್ಪ್ರೇಯಿಂದಲೇ ನನಗೆ ಸಾಕಾಗಿದೆ, ಹಾಗಾಗಿ ಮಾಡಿಸಿಲ್ಲ. ನಿಮಗೆ ಎದೆಯಲ್ಲಿ ಸುಯ್ ಸುಯ್ ಸಪ್ಪಳ, ರಾತ್ರಿ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಅಲರ್ಜಿ ಇದ್ದವರಿಗೆ ಅಸ್ತಮಾ ಜೊತೆಗೇ ಬರುವುದು ಉಂಟು. ಒಂದೇ ಹೊಳ್ಳೆ ಯಾವಾಗಲೂ ಕಟ್ಟಿದ್ದರೂ, ಅದರಿಂದ ರಕ್ತ ಬಂದರೂ ತೋರಿಸಿ.

ಜೀವನಪೂರ್ತಿ ಗುಳಿಗೆ ಬೇಕಾ ಅಂದಿರಲ್ಲ. ನನಗೆ ವರ್ಷಕ್ಕೆ ನಾಲ್ಕು ತಿಂಗಳು ಸ್ಪ್ರೇ, ನಡುವೆ ಕೆಲವು ದಿನ ಗುಳಿಗೆ, ಅಷ್ಟೇ. ಗುಟ್ಟು ಏನಂದರೆ, ಸೀನು ಶುರುವಾಗಲಿ ಅಂತ ಕಾಯುವುದಿಲ್ಲ. ಡಾಕ್ಟರ್ ಹೇಳಿದ ಹಾಗೆ ಎರಡು ವಾರ ಮುಂಚೆಯೇ ಶುರು ಮಾಡುತ್ತೇನೆ. ನಿಮ್ಮದು ದೀಪಾವಳಿ ಆದ ಮೇಲೆ ಅಂದಿರಿ, ಹಾಗಾದರೆ ದಸರಾ ಹೊತ್ತಿಗೇ ಡಾಕ್ಟರನ್ನು ನೋಡಿಬಿಡಿ. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ. ಎಂದು ಸೀನು ಬಂತು, ಎಲ್ಲಿದ್ದಿರಿ, ಅಂದು ಸುತ್ತ ಏನು ನಡೆದಿತ್ತು ಅಂತ ದಿನಕ್ಕೆ ಎರಡು ಸಾಲು ಬರೆಯಿರಿ. ನಿಮ್ಮ ಕಡೆ ಆಗ ಕಬ್ಬು ಕಡಿಯುವ ಕಾಲ, ರವದಿ (ಕಬ್ಬಿನ ಒಣ ಎಲೆ) ಸುಡುವ ಹೊಗೆ ಬೇರೆ. ಹೊಗೆ ಅಲರ್ಜಿ ಅಲ್ಲದಿದ್ದರೂ ಮೊದಲೇ ಕೆರಳಿದ ಮೂಗನ್ನು ಇನ್ನೂ ಕೆರಳಿಸುತ್ತದೆ. ಸುಟ್ಟ ದಿನಗಳಿಗೆ ಒಂದು ಗುರುತು ಹಾಕಿಡಿ, ಡಾಕ್ಟರ್ ಮುಂದೆ ಆ ಪುಟ ತೆಗೆದು ತೋರಿಸಿ.