ಶಾಲೆಯ ಅನಿಮೆ (ಜಪಾನಿನ ಕಾರ್ಟೂನ್) ಕಾಮಿಡಿ ನೋಡುವಾಗ ನಗು ಬರೋ ಬದಲು ನನಗೇ ಮುಜುಗರ ಆಗುತ್ತೆ, ನಿಲ್ಲಿಸಿಬಿಡ್ತೀನಿ. ನನಗೊಬ್ಬನಿಗೇನಾ ಹೀಗೆ?

ಅಲ್ಲ. 'ವಾಟಮೋಟೆ'ಯ ಮೊದಲ ಎಪಿಸೋಡನ್ನ ನಾನು ಮೂರು ಸಲ ನಿಲ್ಲಿಸಿ ಮುಗಿಸಿದೆ. ಇರೋದು ಅರ್ಧ ಗಂಟೆಯೂ ಇಲ್ಲ!

2013ರಲ್ಲಿ ಬಂದ ಆ ಸರಣಿಯ ಟೊಮೊಕೊ, ಹುಡುಗರನ್ನ ಒಲಿಸಿಕೊಳ್ಳೋ ವಿಡಿಯೋ ಗೇಮ್‌ಗಳನ್ನ ಆಡ್ಕೊಂಡೇ ಬೆಳೆದವಳು. ಹೈಸ್ಕೂಲಿಗೆ ಕಾಲಿಟ್ಟರೆ ಸಾಕು, ಎಲ್ಲ ತಾನಾಗೇ ಆಗುತ್ತೆ ಅಂದ್ಕೊಂಡಿರ್ತಾಳೆ. ಎರಡು ತಿಂಗಳು ಕಳೆದ್ರೂ ಕ್ಲಾಸಲ್ಲಿ ಮಾತಾಡ್ಸೋರಿಲ್ಲ. ಜಪಾನಿನಲ್ಲಿ ಏಪ್ರಿಲಲ್ಲಿ ಶಾಲೆ ಶುರುವಾದ್ರೆ ವರ್ಷವಿಡೀ ಅದೇ ಕ್ಲಾಸು, ಅವೇ ಮುಖಗಳು. ಅಷ್ಟರಲ್ಲಿ ಗುಂಪುಗಳೆಲ್ಲ ಆಗಿಹೋಗಿರುತ್ವೆ. ಕೊನೆಗೆ ಮಾತಿನ ಅಭ್ಯಾಸಕ್ಕೆ ಅಂತ ಸ್ವಂತ ತಮ್ಮನನ್ನೇ ಹಿಡ್ಕೋತಾಳೆ, ಪಾಪ ಅವನು.

2022ರ 'ಬೊಚ್ಚಿ ದಿ ರಾಕ್'ನ ಮೊದಲ ಎಪಿಸೋಡಲ್ಲಂತೂ ನಾಚಿಕೆಯ ಹುಡುಗಿ ಹಿತೋರಿ ಗಿಟಾರ್ ಬೆನ್ನಿಗೇರಿಸಿ, ಬ್ಯಾಗಿಗೆ ಬ್ಯಾಡ್ಜ್ ಚುಚ್ಚಿಕೊಂಡು ಶಾಲೆಗೆ ಹೋಗ್ತಾಳೆ. ಯಾರಾದ್ರೂ 'ಓ, ನೀನು ಬಾರಿಸ್ತೀಯಾ?' ಅಂತ ಕೇಳಲಿ ಅಂತ. ಒಬ್ಬರೂ ಕೇಳಲ್ಲ. ಅವಮಾನ ಮಾಡಿದೋರೂ ಇಲ್ಲ, ನಕ್ಕೋರೂ ಇಲ್ಲ. ನನ್ನ ಮೈ ಹಿಡಿಯಾಗಿದ್ದು ಅಲ್ಲೇ. ಯಾಕಂದ್ರೆ ಪಿಯುಸಿಯ ಮೊದಲ ವಾರ ನಾನೂ ದಪ್ಪ ಕಾದಂಬರಿಯೊಂದನ್ನ, ರಕ್ಷಾಪುಟ ಕಾಣೋ ಹಾಗೆ, ಎದೆಗೊತ್ತಿಕೊಂಡು ತಿರುಗಿದ್ದೆ. ಅದರ ಬಗ್ಗೆ ಮಾತೆತ್ತಿದ್ದು ಕ್ಯಾಂಟೀನಿನವನೊಬ್ಬನೇ: 'ಪುಸ್ತಕ ತೆಗೀರಿ ಸಾರ್, ಟೇಬಲ್ ಒರೆಸ್ಬೇಕು.'

ಆದ್ರೆ ಅದೇ ಎಪಿಸೋಡಲ್ಲಿ ಹಿತೋರಿ ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯೊಳಗೆ ಕೂತು ಸ್ಟೇಜ್ ಮೇಲೆ ಗಿಟಾರ್ ಬಾರಿಸುವಾಗ ಹೊಟ್ಟೆ ಹುಣ್ಣಾಗೋಷ್ಟು ನಕ್ಕೆ. ಅಲ್ಲಿ ಬ್ಯಾಂಡಿನ ಜೊತೆಗಾರರಿದ್ದಾರೆ, ಪೆಟ್ಟಿಗೆ ಸಮೇತ ಅವಳನ್ನ ಒಪ್ಕೊಂಡಿದ್ದಾರೆ. ನಾಚಿಕೆ ಮಿತಿಮೀರಿದಾಗ ಅವಳ ಮುಖವೇ ಕರಗಿ, ಗೀಟು ಗೀಟಾಗಿ ಚೆದುರಿಹೋಗುತ್ತೆ, ನಮಗೂ ಉಸಿರು ಬಿಡೋಕೆ ಜಾಗ ಸಿಗುತ್ತೆ. ಟೊಮೊಕೊಗೆ ಆ ಜಾಗ ಕಡಿಮೆ. ಅವಳು ತೊದಲಿ ನಿಂತ ಮೇಲಿನ ಮೌನವನ್ನ ನಾವೂ ಕೂತು ಅನುಭವಿಸ್ಬೇಕು.

ಹಾಗಾಗಿ 'ವಾಟಮೋಟೆ' ಸದ್ಯಕ್ಕೆ ಬದಿಗಿಡಿ. 2011ರ 'ನಿಚಿಜೋ' ನೋಡಿ, ಕ್ಯೋಟೊ ಆನಿಮೇಷನ್‌ನವರದ್ದು. ಹೋಮ್‌ವರ್ಕ್ ಕಾಪಿ ಮಾಡೋಕೆ ಗೆಳತಿಗೆ ನೋಟ್‌ಬುಕ್ ಕೊಟ್ಟ ಮಿಯೊಗೆ, ತಾನು ಅದರಲ್ಲಿ ಗುಟ್ಟಾಗಿ ಬಿಡಿಸಿದ್ದ ಚಿತ್ರ ತಡವಾಗಿ ನೆನಪಾಗುತ್ತೆ. ಯಾವ ಚಿತ್ರ ಅಂತ ನಾನು ಹೇಳಲ್ಲ. ಅವಳು ಓಡೋ ಓಟ ನೋಡಿ, ನಿಲ್ಲಿಸೋಕೆ ಕೈ ಹೋಗಲ್ಲ.