ಹಾಲು-ಜೇನು ಸಾಕು, ಪಿಯಾನೋ ಎಲ್ಲಿತ್ತು ಹೇಳಿ

ಆತ್ಮೀಯರೇ,

ಸಂಯೋಜಕ ಜಾನ್ ಕ್ಯಾಂಡರ್ ಮತ್ತು ಗೀತರಚನೆಕಾರ ಫ್ರೆಡ್ ಎಬ್ ಜೋಡಿಯ ಮೇಲಿನ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ. ನ್ಯೂಯಾರ್ಕಿನ ಸಂಗೀತ ನಾಟಕಗಳ ನೆಲೆಯಾದ ಬ್ರಾಡ್‌ವೇ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಸಂತೋಷ. ಆದರೆ ಎರಡನೇ ಪುಟದಲ್ಲಿ ಕೆಂಪು ಪೆನ್ನು ಕೈಗೆ ಬಂತು:

'ಎಬ್ ಬರೆದುಕೊಟ್ಟ ಕವಿತೆಗಳಿಗೆ ಕ್ಯಾಂಡರ್ ರಾಗ ಸಂಯೋಜಿಸುತ್ತಿದ್ದರು. ಹಾಲು-ಜೇನಿನಂತೆ ಬೆರೆತ ಜೋಡಿ.'

'ಬರೆದುಕೊಟ್ಟ' ತಪ್ಪು. ಅದು ನಮ್ಮ ಭಾವಗೀತೆಯ ಕ್ರಮ. ಕವಿತೆ ಅಚ್ಚಾಗಿ ಎಷ್ಟೋ ವರ್ಷದ ಮೇಲೆ ಸಂಯೋಜಕ ಬರುತ್ತಾನೆ. ನಮ್ಮ ಸಿನಿಮಾದಲ್ಲಿ ಹೆಚ್ಚಾಗಿ ತಿರುಗುಮುರುಗು: ಟ್ಯೂನ್ ಮೊದಲು, ಅದರ ಮೀಟರಿಗೆ ಸಾಹಿತ್ಯ. ಇವರದು ಎರಡೂ ಅಲ್ಲ. 1962ರಲ್ಲಿ ಸಂಗೀತ ಪ್ರಕಾಶಕ ಟಾಮಿ ವಲಾಂಡೊ ಪರಿಚಯ ಮಾಡಿಸಿದ ಮೇಲೆ, 2004ರಲ್ಲಿ ಎಬ್ ತೀರಿಕೊಳ್ಳುವವರೆಗೂ, ಇಬ್ಬರೂ ಒಂದೇ ಕೋಣೆಯಲ್ಲಿ, ಹೆಚ್ಚಾಗಿ ಎಬ್ ಮನೆಯಲ್ಲಿ ಕೂತು ಮಾತು-ಮಟ್ಟು ಒಟ್ಟಿಗೇ ಕಟ್ಟಿದರು.

'ರಾಗ' ಇನ್ನೂ ದಾರಿ ತಪ್ಪಿಸುತ್ತದೆ. ಕ್ಯಾಂಡರ್ ಹಲವು ಸಲ ಮೊದಲು ಹಿಡಿಯುತ್ತಿದ್ದುದು ವ್ಯಾಂಪ್ ಅನ್ನು, ಅಂದರೆ ಹಾಡುವವರು ಬಾಯಿ ತೆರೆಯುವ ಮುಂಚೆ ಪಿಯಾನೋದಲ್ಲಿ ಮತ್ತೆ ಮತ್ತೆ ಸುತ್ತುವ ಸಣ್ಣ ತುಣುಕನ್ನು. 'ನ್ಯೂಯಾರ್ಕ್, ನ್ಯೂಯಾರ್ಕ್' ಶುರುವಿನ 'ಡಂ ಡಂ ಡಡಡಂ' ಕೇಳಿ. ಐದೇ ಪೆಟ್ಟು, ಪದ ಬರುವ ಮೊದಲೇ ಹಾಡು ಯಾವುದೆಂದು ಗೊತ್ತಾಗುತ್ತದೆ. 1977ರ ಅದೇ ಹೆಸರಿನ ಚಿತ್ರಕ್ಕೆ ಇವರು ಮೊದಲು ಬರೆದ ಶೀರ್ಷಿಕೆ ಗೀತೆ ಅದರ ನಾಯಕನಟ ರಾಬರ್ಟ್ ಡಿ ನೀರೊಗೆ ಸಪ್ಪೆಯೆನಿಸಿತು. ನಟನೊಬ್ಬ ಹಾಡಿನ ತಪ್ಪು ಎಣಿಸುವುದೇ ಎಂದು ಎಬ್ ಕೆರಳಿದರು. ಆ ಸಿಟ್ಟಿನಲ್ಲೇ ಕೂತು ಬರೆದದ್ದು ಈಗ ಲೋಕ ಹಾಡುವ ಹಾಡು. ಇದರಲ್ಲಿ ಹಾಲೆಲ್ಲಿ, ಜೇನೆಲ್ಲಿ?

ನಾನು ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ಕಲೆಯ ಲೇಖನ ಬಂದರೆ ಮೊದಲ ಕೆಲಸ ಉಪಮೆಗಳಿಗೆ ಗೆರೆ ಎಳೆಯುವುದು. ಗೆರೆ ಬಿದ್ದ ಕಡೆಯಲ್ಲೆಲ್ಲ ಒಂದು ಮಾಹಿತಿ ಕಾಣೆಯಾಗಿರುತ್ತಿತ್ತು.

ಇನ್ನೊಂದು ಸಾಲು: '1966ರ ಕ್ಯಾಬರೆ ನಾಟಕದ ಹಾಡುಗಳನ್ನು 1972ರ ಚಿತ್ರ ಯಥಾವತ್ತಾಗಿ ತೆರೆಗೆ ತಂದಿತು.'

'ಯಥಾವತ್ತಾಗಿ' ಹೊಡೆದುಹಾಕಿದ್ದೇನೆ. ಕಥೆ ನಡೆಯುವುದು ನಾಜಿಗಳು ತಲೆಯೆತ್ತುತ್ತಿದ್ದ ಕಾಲದ ಬರ್ಲಿನ್ನಿನಲ್ಲಿ, ಒಂದು ನೈಟ್‌ಕ್ಲಬ್ಬಿನ ಸುತ್ತ. ನಾಟಕದಲ್ಲಿ ಬಾಡಿಗೆಮನೆಯ ಒಡತಿ ಶ್ನೈಡರ್, ಹಣ್ಣಿನ ವ್ಯಾಪಾರಿ ಶುಲ್ಟ್ಸ್ ಮಾತಾಡುತ್ತಲೇ ಹಾಡಿಗಿಳಿಯುತ್ತಾರೆ. ನಿರ್ದೇಶಕ ಬಾಬ್ ಫಾಸಿ ಅವರಿಬ್ಬರ ಹಾಡಿಕೆಯನ್ನೇ ತೆಗೆದು, ಉಳಿದದ್ದನ್ನು ಕ್ಲಬ್ಬಿನ ವೇದಿಕೆಗೆ ಕಟ್ಟಿಹಾಕಿದರು. 'ಮೈನ್ ಹೆರ್', 'ಮನಿ, ಮನಿ' ಚಿತ್ರಕ್ಕೆಂದೇ ಹೊಸದಾಗಿ ಬಂದವು. ಕ್ಲಬ್ಬಿನ ಹೊರಗೆ ಹಾಡುವುದು ಒಂದೇ ಸಲ, ಬಿಯರ್ ಗಾರ್ಡನ್ನಿನಲ್ಲಿ ಎದ್ದುನಿಲ್ಲುವ ನಾಜಿ ಹುಡುಗ. ವೇದಿಕೆಯೇ ಇಲ್ಲದ ಕಡೆ, ಹಾಡುಹಗಲಲ್ಲಿ ಹಾಡು ಎದ್ದದ್ದಕ್ಕೇ ನೋಡುವವರಿಗೆ ಹೆದರಿಕೆ.

ಅದೇ 'ಕ್ಯಾಬರೆ'ಯಲ್ಲಿ ಕ್ಲಬ್ಬಿನ ನಿರೂಪಕ ಗೊರಿಲ್ಲಾವನ್ನು ಪ್ರೇಯಸಿಯೆಂದು ಕರೆದು ಅದರ ಜೊತೆ ಕುಣಿಯುವ ಹಾಡನ್ನು 'ಹಾಸ್ಯಗೀತೆ' ಎಂದು ಬಿಟ್ಟಿದ್ದೀರಿ. ಕೊನೆಯ ಸಾಲಿನವರೆಗೆ ಹೌದು. ಆಮೇಲೆ, ನನ್ನ ಕಣ್ಣಿಂದ ನೋಡಿದರೆ ಅವಳು ಯಹೂದಿಯಂತೆ ಕಾಣುವುದೇ ಇಲ್ಲ ಎನ್ನುತ್ತದೆ. ನಕ್ಕವರ ಬಾಯಿ ಅಲ್ಲೇ ಕಟ್ಟುತ್ತದೆ. ನಾಟಕ ಬ್ರಾಡ್‌ವೇಗೆ ಬರುವಾಗ ಪ್ರೇಕ್ಷಕರ ಆಕ್ಷೇಪಕ್ಕೆ ಆ ಸಾಲು ಬದಲಾಗಿತ್ತು, ಚಿತ್ರದಲ್ಲಿ ಮರಳಿತು. ಬರೆದವರಿಬ್ಬರೂ ಯಹೂದಿಗಳೇ. ಇದೇ ನಿಮ್ಮ ಲೇಖನದ ನಡುಮನೆ. ನೀವು ಜಗಲಿಯಿಂದಲೇ ವಾಪಸಾಗಿದ್ದೀರಿ.

ಈ ಮೂರು ಕಡೆ ತಿದ್ದಿ ಕಳಿಸಿ. ಇವರದೇ ಇನ್ನೊಂದು ನಾಟಕ 'ಶಿಕಾಗೊ' ಬಗೆಗಿನ ನಾಲ್ಕು ಪುಟ ಸದ್ಯಕ್ಕೆ ಮುಟ್ಟಿಲ್ಲ.

ಸಂಪಾದಕ