ಹಾಸನದಲ್ಲಿದ್ದುಕೊಂಡು ಮಲೆನಾಡಿನ 200 ಕಿ.ಮೀ. ಬ್ರೆವೆಗೆ ತಯಾರಾಗುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು ಮೂವತ್ತೆಂಟು, ಹಾಸನದಲ್ಲಿ ಕೆಲಸ, ಪೆಡಲ್ ಹತ್ತಿರ ಮೂರು ಹಲ್ಲುಚಕ್ರ ಇರುವ ಹಳೆಯ ಹೈಬ್ರಿಡ್ ಸೈಕಲ್, ಭಾನುವಾರ 40 ಕಿ.ಮೀ. ಹೊಡೆಯುವ ಅಭ್ಯಾಸ. ಡಿಸೆಂಬರಿನಲ್ಲಿ ಬೇಲೂರು, ಮೂಡಿಗೆರೆ, ಚಿಕ್ಕಮಗಳೂರು ಸುತ್ತಿಬರುವ 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಡಬೇಕು ಅಂತಿದ್ದೀರಿ. ಈಗ ಆಗಸ್ಟ್. ವಾರಕ್ಕೊಮ್ಮೆ ಮುಳ್ಳಯ್ಯನಗಿರಿ ಹತ್ತಿದರೆ ಸಾಕಾ, ಒಳ್ಳೆಯ ರೋಡ್ ಬೈಕ್ (ಹಗುರವಾದ ರೇಸಿಂಗ್ ಸೈಕಲ್) ಕೊಳ್ಳಲೇಬೇಕಾ ಅಂತ ಕೇಳಿದ್ದೀರಿ.

ಎರಡೂ ಬೇಡ. ನಾನು ಚಿಕ್ಕಮಗಳೂರಿನವನು, ಈ ರಸ್ತೆಗಳಲ್ಲೇ ಸೈಕಲ್ ಹೊಡೆಯುವವನು. ಯಾಕೆ ಬೇಡ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಬ್ರೆವೆ ರೇಸ್ ಅಲ್ಲ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆದರೂ ತಯಾರಿ ಶುರುವಾದ ಮೇಲೆ ಎಲ್ಲರೂ ಅದನ್ನು ಮರೆಯುತ್ತಾರೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಅದರೊಳಗೆ ಬಂದವರೆಲ್ಲ ಒಂದೇ, ಮೊದಲನೆಯವರು ಕೊನೆಯವರು ಅಂತ ಇಲ್ಲ. ದಾರಿಯಲ್ಲಿ ಕಂಟ್ರೋಲ್ ಪಾಯಿಂಟ್‌ಗಳಿರುತ್ತವೆ, ಅಂದರೆ ಬಂದಿದ್ದಕ್ಕೆ ಗುರುತಾಗಿ ನಿಮ್ಮ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳುವ ಜಾಗಗಳು, ಪ್ರತಿಯೊಂದಕ್ಕೂ ಮುಚ್ಚುವ ಹೊತ್ತು ಇರುತ್ತದೆ. ನಿಮ್ಮ ಮನೆಯವರು ಕಾರಿನಲ್ಲಿ ಬಾಳೆಹಣ್ಣು ಹಿಡಿದುಕೊಂಡು ಹಿಂದೆ ಬರುವಂತಿಲ್ಲ. ಅವರು ಸಹಾಯ ಮಾಡುವುದಿದ್ದರೆ ಕಂಟ್ರೋಲಿನಲ್ಲಿ ಮಾತ್ರ. ಪಂಕ್ಚರ್ ಆದರೆ ನೀವೇ ಟ್ಯೂಬ್ ಬದಲಾಯಿಸಬೇಕು.

ಸಮಯದ ಲೆಕ್ಕ ಹಾಕಿ. ತಿನ್ನಲು, ನೀರು ತುಂಬಿಸಲು, ಕಾರ್ಡಿಗೆ ಮುದ್ರೆ ಹಾಕಿಸಲು ಒಂದೂವರೆ ಗಂಟೆ ಬಿಡಿ. ಉಳಿದದ್ದು 12 ಗಂಟೆ. ಅಂದರೆ ಗಂಟೆಗೆ 17 ಕಿ.ಮೀ.ಗಿಂತ ಒಂಚೂರು ಕಡಿಮೆ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಈ ವೇಗ ತಮಾಷೆ ಅನಿಸುತ್ತದೆ. ಮೂಡಿಗೆರೆ ಕಡೆ ಹಾಗಲ್ಲ.

ಈಗ ಮುಳ್ಳಯ್ಯನಗಿರಿ ವಿಷಯ. ಶಿಖರದ ಎತ್ತರ 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರದ್ದು. ಚಿಕ್ಕಮಗಳೂರು ಪೇಟೆಯೇ 1,090 ಮೀಟರಿನ ಸುಮಾರಿನಲ್ಲಿದೆ. ಪೇಟೆಯಿಂದ ಹೊರಟು, ಕೈಮರ ಚೆಕ್‌ಪೋಸ್ಟ್ ದಾಟಿ, ಸೀತಾಳಯ್ಯನಗಿರಿ ಮೇಲೆ ರಸ್ತೆ ಮುಗಿಯುವವರೆಗೆ ಹೋದರೂ ನೀವು ಹತ್ತುವುದು 800 ಮೀಟರಿನ ಆಸುಪಾಸು. ಮಲೆನಾಡಿನ 200 ಕಿ.ಮೀ. ಸುತ್ತಿನಲ್ಲಿ ಒಟ್ಟು ಏರು ಸುಲಭವಾಗಿ 2,000 ಮೀಟರ್ ದಾಟಬಹುದು. ಅದು ಎಲ್ಲಿಂದ ಬರುತ್ತದೆ? ದೊಡ್ಡ ಘಾಟಿಯಿಂದಲ್ಲ. 20 ಮೀಟರಿನ ದಿಬ್ಬ ನೂರು ಹತ್ತಿದರೂ 2,000 ಮೀಟರ್ ಆಗುತ್ತದೆ ಅಲ್ವಾ? ಬೇಲೂರಿನಿಂದ ಅರೇಹಳ್ಳಿ ಕಡೆ ಹೊರಡಿ, ಇಲ್ಲ ಚಿಕ್ಕಮಗಳೂರಿನಿಂದ ಆಲ್ದೂರು ಮೇಲೆ ಬಾಳೆಹೊನ್ನೂರಿಗೆ ಹೋಗಿ. ತೋಟದ ಬೇಲಿ, ಒಂದು ತಿರುವು, ಸಣ್ಣ ಇಳಿಜಾರು, ಕೆಳಗೆ ಹಳ್ಳ, ಮತ್ತೆ ಏರು. ಇಡೀ ದಿನ ಇದೇ.

ಉದ್ದನೆಯ ಏರು ಒಂದು ಥರ ನ್ಯಾಯವಾದದ್ದು. ಕಷ್ಟ ಅಂತ ಮೊದಲೇ ಗೊತ್ತಿರುತ್ತದೆ. ಒಂದು ಗೇರ್ ಹಿಡಿದು, ಕೂತು, ಉಸಿರಿಗೆ ತಕ್ಕ ಹಾಗೆ ತುಳಿಯುತ್ತೀರಿ. ಸಣ್ಣ ದಿಬ್ಬ ಹಾಗಲ್ಲ. ಇದೇನು ಮಹಾ ಅಂತ ಎದ್ದು ನಿಂತು ಎರಡು ನಿಮಿಷ ಜೋರಾಗಿ ತುಳಿದು ದಾಟಿಬಿಡುತ್ತೀರಿ. ಸಂಬಳ ಖಾಲಿಯಾಗುವುದು ಚಿಲ್ಲರೆ ಖರ್ಚಿನಿಂದಲೇ ತಾನೇ? ಇಲ್ಲೂ ಅದೇ. ನೂರಿಪ್ಪತ್ತನೇ ಕಿಲೋಮೀಟರಿನಲ್ಲಿ ತೊಡೆ ಹಿಡಿದುಕೊಂಡು ಕೂರುವವರನ್ನು ಕೇಳಿ ನೋಡಿ. ಹೆಚ್ಚಿನವರು ಘಾಟಿಯನ್ನು ಬೈಯುತ್ತಾರೆ. ಅವರ ಶಕ್ತಿ ಮುಗಿದದ್ದು ಅದಕ್ಕೂ ಮೊದಲಿನ ದಿಬ್ಬಗಳಲ್ಲಿ.

ಹಾಗಾಗಿ ನೀವು ಕಲಿಯಬೇಕಾದ್ದು ದಿಬ್ಬವನ್ನು ಸೋಮಾರಿಯಾಗಿ ಹತ್ತುವುದನ್ನು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಕಾಲು ಭಾರವಾದ ಮೇಲೆ ಅಲ್ಲ. ಭಾರ ಬಿದ್ದಾಗ ಇಳಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಸೀಟಿನಿಂದ ಏಳಬೇಡಿ. ಪಕ್ಕದಲ್ಲಿ ಒಬ್ಬರಿದ್ದರೆ ಅವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಇರಬೇಕು. ನೆತ್ತಿ ಬಂದ ಕೂಡಲೇ ತುಳಿಯುವುದನ್ನು ನಿಲ್ಲಿಸಬೇಡಿ, ಇನ್ನೊಂದಿಷ್ಟು ತುಳಿದು ವೇಗ ಹಿಡಿದ ಮೇಲೆ ಕಾಲಿಗೆ ಬಿಡುವು ಕೊಡಿ. ಆ ವೇಗವೇ ಮುಂದಿನ ದಿಬ್ಬದ ಅರ್ಧಕ್ಕೆ ಎತ್ತಿಕೊಂಡು ಹೋಗುತ್ತದೆ. ಬೇರೆಯವರು ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಇದನ್ನು ಸಹಿಸಿಕೊಳ್ಳುವುದು ಗಂಡಸರಿಗೆ ಸ್ವಲ್ಪ ಜಾಸ್ತಿ ಕಷ್ಟ ಅಂತ ನನ್ನ ಅನುಮಾನ.

ಎಲ್ಲಿ ಅಭ್ಯಾಸ ಮಾಡುವುದು? ಹಾಸನದಲ್ಲಿರುವುದು ನಿಮ್ಮ ಅದೃಷ್ಟ. ಜಿಲ್ಲೆಯ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮುಖ ಹಾಕಬೇಡಿ. ಮಳೆ, ಮಂಜು, ಗುಂಡಿ ಎಲ್ಲಾ ಇರುತ್ತವೆ. ಪೂರ್ವಕ್ಕೆ ಹೋಗಿ. ದುದ್ದದ ಮೇಲೆ ಅರಸೀಕೆರೆ, ಇಲ್ಲವೇ ಶ್ರವಣಬೆಳಗೊಳ. ಅಲ್ಲಿ ಮಳೆ ಕಡಿಮೆ. ಇನ್ನೊಂದು ಲಾಭವೂ ಇದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಅರಸೀಕೆರೆಯಿಂದ ವಾಪಸ್ ಬರುವಾಗ ಅದು ನೇರ ಎದೆಗೆ ಹೊಡೆಯುತ್ತದೆ. ಎರಡು ಗಂಟೆ ಎದುರುಗಾಳಿಯಲ್ಲಿ ಒಂದೇ ಹದದಲ್ಲಿ ತುಳಿಯುವುದು ಘಾಟಿ ಹತ್ತುವುದಕ್ಕೆ ಬಹಳ ಹತ್ತಿರದ ಕೆಲಸ. ಗಾಳಿಯನ್ನು ಬೈಯುತ್ತಲೇ ಮಾಡಿ, ಪರವಾಗಿಲ್ಲ.

ಭಾನುವಾರದ ದೂರವನ್ನು ನಿಧಾನವಾಗಿ ಏರಿಸಿ. 50, 60, 75. ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ. ಸೆಪ್ಟೆಂಬರ್ ಕೊನೆಗೆ ಹಾಸನ, ಹಗರೆ, ಹಳೇಬೀಡು, ಬೇಲೂರು, ಮತ್ತೆ ಹಾಸನ ಸುತ್ತು ಆರಾಮಾಗಿ ಆಗಬೇಕು. ಅದು ಸುಮಾರು 85 ಕಿ.ಮೀ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ಪಶ್ಚಿಮಕ್ಕೆ ತಿರುಗಿ. ಬೇಲೂರಿನವರೆಗೆ ಹೋಗಿ, ಅಲ್ಲಿಂದ ಅರೇಹಳ್ಳಿ ಕಡೆಗೋ ಮೂಡಿಗೆರೆ ಕಡೆಗೋ ದಿಬ್ಬಗಳ ನಡುವೆ ಸುತ್ತಿ ಬನ್ನಿ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಹೆದ್ದಾರಿ ಬೇಡವೇ ಬೇಡ. ಮಂಗಳೂರಿನ ಟ್ಯಾಂಕರ್, ಲಾರಿಗಳ ಜೊತೆ ಸೈಕಲ್ ಹೊಡೆದರೆ ಭಯ ಬಿಟ್ಟು ಬೇರೇನೂ ಸಿಗುವುದಿಲ್ಲ. ಬ್ರೆವೆಗೆ ಎರಡು ಮೂರು ವಾರ ಇರುವಾಗ ಒಮ್ಮೆ 150 ಕಿ.ಮೀ. ಮುಟ್ಟಿ. ಅಷ್ಟು ಸಾಕು, 200 ಹೊಡೆದು ನೋಡುವ ಅಗತ್ಯ ಇಲ್ಲ. ಆಮೇಲೆ ಇಳಿಸುತ್ತಾ ಬನ್ನಿ. ಕೊನೆಯ ವಾರ ಸುಮ್ನೆ ಕಾಲಾಡಿಸಿದರೆ ಆಯಿತು.

ವಾರದ ನಡುವೆ ಎರಡು ದಿನ ಒಂದೊಂದು ಗಂಟೆ ಸಿಕ್ಕರೆ ಸಾಕು. ಒಂದು ದಿನ ಆರಾಮಾಗಿ. ಇನ್ನೊಂದು ದಿನ ಊರ ಹತ್ತಿರದ ಯಾವುದಾದರೂ ಏರನ್ನು ಐದಾರು ಸಲ ಹತ್ತಿ ಇಳಿಯಿರಿ. ಕೊನೆಯ ಸಲ ಹತ್ತುವಾಗ ಮೊದಲ ಸಲದಷ್ಟೇ ಸಮಯ ಹಿಡಿಯಬೇಕು. ಜಾಸ್ತಿ ಹಿಡಿದರೆ ಮೊದಲನೆಯದರಲ್ಲಿ ಅವಸರ ಮಾಡಿದ್ದೀರಿ ಅಂತ ಅರ್ಥ. ಮುಳ್ಳಯ್ಯನಗಿರಿಗೆ ಒಮ್ಮೆ ಬನ್ನಿ, ಖುಷಿಗೆ. ವಾರದ ದಿನ ಬೆಳಗ್ಗೆ ಬೇಗ ಬನ್ನಿ. ಶನಿವಾರ ಭಾನುವಾರ ಆ ಕಿರಿದಾದ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳದ್ದೇ ಸಾಲು, ಅದರ ಹೊಗೆ ಕುಡಿದುಕೊಂಡು ಹತ್ತುವುದು ಯಾರಿಗೂ ಬೇಡ.

ಇನ್ನು ಸೈಕಲ್. ನಿಮ್ಮ ಹೈಬ್ರಿಡ್ ಬಗ್ಗೆ ನಾಚಿಕೆ ಬೇಡ. ಏರಿಗೆ ಮುಖ್ಯವಾದದ್ದು ಅತಿ ಹಗುರದ ಗೇರ್. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ. ಮುಂದೆ 28, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿಯೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ನೀವು, ಸೈಕಲ್, ನೀರು, ಸಾಮಾನು ಎಲ್ಲ ಸೇರಿ 85 ಕಿಲೋ ಅಂದುಕೊಳ್ಳಿ. ನೂರಕ್ಕೆ ಹತ್ತರಷ್ಟು ಏರಿನಲ್ಲಿ ಇದಕ್ಕೆ 185 ವಾಟಿನಷ್ಟು ಶಕ್ತಿ ಬೇಕು. ಈಗ ದುಬಾರಿ ರೇಸಿಂಗ್ ಸೈಕಲ್ ತೆಗೆದುಕೊಳ್ಳಿ, ಮುಂದೆ 36, ಹಿಂದೆ 25. ಅದೇ 60 ಸುತ್ತಿಗೆ ಗಂಟೆಗೆ 11 ಕಿ.ಮೀ. ಹತ್ತಿರ ಹೋಗಲೇಬೇಕು, ಅದಕ್ಕೆ 265 ವಾಟ್ ಬೇಕು. ಅಷ್ಟು ಕೊಡಲು ಆಗದಿದ್ದರೆ ಸುತ್ತು ಕಡಿಮೆಯಾಗುತ್ತದೆ, ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಹಗುರವಾದ ಸೈಕಲ್ ಎರಡು ಮೂರು ಕಿಲೋ ಉಳಿಸುತ್ತದೆ, ನಿಜ. ಆದರೆ ನಮ್ಮಂಥವರಿಗೆ ಗೇರ್ ಉಳಿಸುವುದು ಅದಕ್ಕಿಂತ ತುಂಬಾ ಜಾಸ್ತಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ಬದಲಾಯಿಸಿ 32 ಅಥವಾ 34 ಹಲ್ಲಿನದು ಹಾಕಿಸಿ. ನಿಮ್ಮ ಡಿರೇಲರಿಗೆ, ಅಂದರೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ, ಅಷ್ಟು ದೊಡ್ಡದು ಹೊಂದುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಮೊದಲು ಕೇಳಿ. ಜೊತೆಗೆ ಹೊಸ ಬ್ರೇಕ್ ಪ್ಯಾಡ್, ಹೊಸ ಟೈರ್, ಎರಡು ಟ್ಯೂಬ್. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೂ ಬೇಕು. ಅದರ ಒಳಗೆ ಬೇರೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಕಿತ್ತುಹೋಗುತ್ತದೆ.

ಊಟದ ವಿಷಯದಲ್ಲಿ ಮಲೆನಾಡು ಮೋಸ ಮಾಡುತ್ತದೆ. ತಂಪಿರುವುದರಿಂದ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಗಂಟೆಗೆ ಅರ್ಧ ಲೀಟರ್ ನೀರು ಕುಡಿಯಲೇಬೇಕು, ಮಧ್ಯಾಹ್ನ ಇನ್ನೂ ಸ್ವಲ್ಪ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ತಿನ್ನುವುದನ್ನು ಮೊದಲ ಗಂಟೆಯಿಂದಲೇ ಶುರು ಮಾಡಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಒಳ್ಳೆಯ ಗುರಿ. ಸಾಧಾರಣ ಗಾತ್ರದ ಒಂದು ಪಚ್ಚಬಾಳೆಯಲ್ಲಿ 25 ಗ್ರಾಂನಷ್ಟು ಇರುತ್ತದೆ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧದಷ್ಟು. ಬೆಲ್ಲ, ಖರ್ಜೂರ, ಕಡಲೆ ಮಿಠಾಯಿ ಜೇಬಿನಲ್ಲಿರಲಿ. ಇಡ್ಲಿ ಒಳ್ಳೆಯದು, ಚಿತ್ರಾನ್ನವೂ ನಡೆಯುತ್ತದೆ. ದಾರಿ ಕೊಟ್ಟಿಗೆಹಾರದ ಮೇಲೆ ಹೋದರೆ ಅಲ್ಲಿನ ನೀರ್ ದೋಸೆ ಬಿಡಬೇಡಿ, ಹೊಟ್ಟೆಗೂ ಹಗುರ. ಕಡುಬು, ಕೋಳಿ ಸಾರು ಮಾತ್ರ ರಾತ್ರಿಗೆ ಇಟ್ಟುಕೊಳ್ಳಿ. ಅದನ್ನು ಮಧ್ಯಾಹ್ನ ಹೊಡೆದು ಮತ್ತೆ ಸೈಕಲ್ ಹತ್ತಿದವರ ಮುಖ ನೋಡಿದ್ದೇನೆ.

ಇಳಿಜಾರಿನ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಏರಿನಲ್ಲಿ ಸೋತರೆ ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ತಪ್ಪಿದರೆ ಆಸ್ಪತ್ರೆ. ಡಿಸೆಂಬರ್ ಅಂದರೆ ಕಾಫಿ ಕೊಯ್ಲಿನ ಕಾಲ. ಆಳುಗಳನ್ನೋ ಮೂಟೆಗಳನ್ನೋ ಹೇರಿಕೊಂಡ ಪಿಕಪ್, ಟ್ರ್ಯಾಕ್ಟರುಗಳು ತೋಟದ ಗೇಟಿನಿಂದ ದಿಢೀರ್ ಅಂತ ರಸ್ತೆಗೆ ಬರುತ್ತವೆ. ಮರದ ನೆರಳಿನಲ್ಲಿ ಬೆಳಗಿನ ಇಬ್ಬನಿ ಒಣಗಿರುವುದಿಲ್ಲ, ಅದರ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದಿರುತ್ತದೆ. ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮನೆ ಹಿಡಿದುಕೊಂಡೇ ಇದ್ದರೆ ರಿಮ್ ಬಿಸಿಯಾಗುತ್ತದೆ. ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ. ಚಾರ್ಮಾಡಿ ದಾರಿಯಲ್ಲಿದ್ದರೆ ಅಲ್ಲಿನ ರಸ್ತೆ ಹೇಗಿದೆ ಅಂತ ಆ ವಾರವೇ ವಿಚಾರಿಸಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ಘಾಟಿಯೇ ಮುಚ್ಚಿತ್ತು.

ಇನ್ನೊಂದು, ಆನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲೂಕುಗಳಲ್ಲಿ ಕಾಡಾನೆ ತೋಟದೊಳಗೇ ಓಡಾಡುತ್ತವೆ, ಮುಂಜಾನೆ ಮತ್ತು ಸಂಜೆ ರಸ್ತೆ ದಾಟುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ನೀವು ಹತ್ತಿರ ಬರುವವರೆಗೆ ಅದಕ್ಕೂ ಗೊತ್ತಾಗುವುದಿಲ್ಲ. ಅಭ್ಯಾಸಕ್ಕೆ ಒಬ್ಬರೇ ಹೋಗುವಾಗ ಆ ಕಡೆಯ ತೋಟದ ರಸ್ತೆಗೆ ಪೂರ್ತಿ ಬೆಳಕಾದ ಮೇಲೆಯೇ ಇಳಿಯಿರಿ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಆನೆ ಈಗ ಎಲ್ಲಿದೆ ಅಂತ ಕೇಳಿ, ಊರವರಿಗೆ ಗೊತ್ತಿರುತ್ತದೆ. ಮುಂದೆ ಕಂಡರೆ ಫೋಟೋ ಗೀಟೋ ಬೇಡ, ದೂರದಿಂದಲೇ ತಿರುಗಿ ಹಿಂದೆ ಬನ್ನಿ.

ಬ್ರೆವೆ ದಿನ ಬೆಳಗ್ಗೆ 6ಕ್ಕೆ ಬಿಟ್ಟರೆ ಗಡುವು ರಾತ್ರಿ 7.30. ಡಿಸೆಂಬರಿನಲ್ಲಿ ಆರೂವರೆಗೆ ಕತ್ತಲಾಗಿರುತ್ತದೆ. ಹಾಗಾಗಿ ಮುಂದೆ ಹಿಂದೆ ಗಟ್ಟಿಯಾಗಿ ಕೂರಿಸಿದ ಲೈಟ್, ಹೊಳೆಯುವ ಜಾಕೆಟ್, ಹೆಲ್ಮೆಟ್ ಬೇಕೇ ಬೇಕು. ಲೈಟನ್ನು ಹಿಂದಿನ ರಾತ್ರಿ ಚಾರ್ಜ್ ಮಾಡಿ. ತೋಟಗಳ ನಡುವೆ ಫೋನ್ ಸಿಗ್ನಲ್ ಆಗಾಗ ಹೋಗುತ್ತದೆ, ದಾರಿಯ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ಪಿಕಪ್ ಇಟ್ಟುಕೊಂಡಿರುವ ಪರಿಚಯದವರಿದ್ದರೆ ಅವರ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೈಕಲ್ ಕೆಟ್ಟರೆ ಅಥವಾ ಕೈಲಾಗದೆ ಬಿಡಬೇಕಾಗಿ ಬಂದರೆ ಮೊದಲು ಆಯೋಜಕರಿಗೆ ಫೋನ್ ಮಾಡಿ ಬಿಟ್ಟೆ ಅಂತ ತಿಳಿಸಿ, ಆಮೇಲೆ ಪಿಕಪ್‌ನವರಿಗೆ ಮಾಡಿ. ಇಲ್ಲದಿದ್ದರೆ ರಾತ್ರಿ ಆಯೋಜಕರು ನಿಮ್ಮನ್ನು ಹುಡುಕಿಕೊಂಡು ಹೊರಡುತ್ತಾರೆ.